ಹವಳದ ದಿಬ್ಬಗಳ ನಡುವೆ ಯುದ್ಧವಿಮಾನ ಹುಡುಕುವುದು: ನನ್ನ ಅನುಭವ

ಎರಡನೇ ಮಹಾಯುದ್ಧದಲ್ಲಿ ಸಮುದ್ರ ಸೇರಿದ ವಿಮಾನಗಳನ್ನು ನಾನು ಉಪಗ್ರಹ ಚಿತ್ರಗಳಲ್ಲಿ ಹುಡುಕುತ್ತೇನೆ. ನೀರಿನಡಿ ಅಚ್ಚುಕಟ್ಟಾದ ವಿಮಾನವೊಂದು ಕಂಡರೆ ಅದನ್ನು ಮೊದಲು ನನ್ನ ಪಟ್ಟಿಯಿಂದ ತೆಗೆದುಹಾಕುತ್ತೇನೆ. ಮೂತಿ, ರೆಕ್ಕೆ, ಬಾಲ ಎಲ್ಲವೂ ಇರಬೇಕಾದ ಕಡೆ ಇದ್ದರೆ ಅದು ಹೆಚ್ಚಾಗಿ ಚಿತ್ರ ತೆಗೆದ ಗಳಿಗೆಯಲ್ಲಿ ಆ ಸಮುದ್ರದ ಮೇಲೆ ಹಾರುತ್ತಿದ್ದ ಪ್ರಯಾಣಿಕ ವಿಮಾನವೇ ಆಗಿರುತ್ತದೆ. ಉಪಗ್ರಹದ ಕ್ಯಾಮೆರಾ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೇ ಸಲ ಹಿಡಿಯುವುದಿಲ್ಲ, ಸೆಕೆಂಡಿನ ಸಣ್ಣದೊಂದು ಭಾಗದ ಅಂತರದಲ್ಲಿ ಒಂದಾದ ಮೇಲೊಂದರಂತೆ ಹಿಡಿಯುತ್ತದೆ. ಅಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಹಾಗಾಗಿ ಅದರ ಪಕ್ಕದಲ್ಲೇ ಬಣ್ಣಬಣ್ಣದ ನೆರಳುಗಳು ಮೂಡಿ, ಒಟ್ಟು ಆಕೃತಿ ಪೇಲವವಾಗಿ ನೀರಿನೊಳಗೆ ಇರುವಂತೆ ತೋರುತ್ತದೆ. ಗೂಗಲ್ ಅರ್ಥ್‌ನಲ್ಲಿ 'ಮುಳುಗಿದ ವಿಮಾನ' ಸಿಕ್ಕಿತೆಂದು ಆಗಾಗ ಹರಿದಾಡುವ ಚಿತ್ರಗಳಲ್ಲಿ ಬಹಳಷ್ಟು ಇಂಥವೇ.

ರೆಕ್ಕೆಯ ಉದ್ದವೊಂದನ್ನೇ ನಂಬುವ ಹಾಗಿಲ್ಲ. ಏರ್‌ಬಸ್ ಎ320ರ ರೆಕ್ಕೆಯ ಹರವು ಸುಮಾರು 35 ಮೀಟರ್, ಯುದ್ಧಕಾಲದ ಬಿ-24 ಬಾಂಬರ್‌ನದು 33.5 ಮೀಟರ್. ನನ್ನನ್ನು ಕಾಪಾಡಿದ್ದು ರೆಕ್ಕೆಯ ಓರೆ. ಇಂದಿನ ಜೆಟ್‌ಗಳ ರೆಕ್ಕೆ ಹಿಂದಕ್ಕೆ ಬಾಗಿರುತ್ತದೆ, ಪೆಸಿಫಿಕ್‌ನಲ್ಲಿ ಹಾರಿದ ಆ ಕಾಲದ ಬಾಂಬರ್‌ಗಳ ರೆಕ್ಕೆ ಹೆಚ್ಚುಕಮ್ಮಿ ನೇರ. ಓರೆ ಕಂಡರೆ ಅಲ್ಲಿಗೆ ಆ ಗುರುತಿನ ಕಥೆ ಮುಗಿಯಿತು.

ನನ್ನ ಹೊಟ್ಟೆಪಾಡಿನ ಕೆಲಸ ಬೆಂಗಳೂರಿನ ಕೆರೆಗಳ ನಕ್ಷೆ ಮಾಡುವುದು: ಅಂಚು ಎಲ್ಲಿತ್ತು, ಈಗ ಎಲ್ಲಿದೆ, ಯಾರು ಎಷ್ಟು ಮಣ್ಣು ತುಂಬಿದ್ದಾರೆ. ಬೆಳ್ಳಂದೂರು ಕೆರೆಯ ಹಳೆಯ ದಾಖಲೆ ಓದುವಾಗ, ಎರಡನೇ ಮಹಾಯುದ್ಧದಲ್ಲಿ ರಿಪೇರಿಗೆಂದು ಎಚ್‌ಎಎಲ್‌ಗೆ ಬರುತ್ತಿದ್ದ ಕ್ಯಾಟಲಿನಾ ಎಂಬ ನೀರ್ವಿಮಾನಗಳು ಆ ಕೆರೆಯ ಮೇಲೇ ಇಳಿಯುತ್ತಿದ್ದವು ಎಂದು ಗೊತ್ತಾಯಿತು. (ಈಗ ಆ ಕೆರೆಯ ನೊರೆಯ ಮೇಲೆ ಏನು ಇಳಿದೀತು ಎಂದು ಕೇಳಬೇಡಿ.) ಕ್ಯಾಟಲಿನಾ ಬಗ್ಗೆ ಓದುತ್ತಾ ಹೋದವನು ಪೆಸಿಫಿಕ್‌ನ ಚೂಕ್ ಲಗೂನ್‌ಗೆ ಬಂದು ನಿಂತೆ. 1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ನೌಕಾಪಡೆ 'ಹೇಲ್‌ಸ್ಟೋನ್' ಕಾರ್ಯಾಚರಣೆಯಲ್ಲಿ ಅಲ್ಲಿದ್ದ ಜಪಾನಿ ನೆಲೆಯನ್ನು ಬಡಿಯಿತು. ಇನ್ನೂರೈವತ್ತರಷ್ಟು ಜಪಾನಿ ವಿಮಾನಗಳು ನಾಶವಾದವು. ಅಮೆರಿಕದವರೂ ವಿಮಾನಗಳನ್ನು ಕಳೆದುಕೊಂಡರು. ಲಗೂನ್‌ನ ಸುತ್ತ ಹವಳದ ಗೋಡೆ, ಒಳಗೆ ತಿಳಿನೀರು. ಮೇಲಿನಿಂದ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೂ ಎಲ್ಲ ಚಿತ್ರವೂ ಕೆಲಸಕ್ಕೆ ಬರುವುದಿಲ್ಲ. ಪುಕ್ಕಟೆ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕೆ, ಎಂದರೆ ನೆಲದ ಮೇಲೆ 10 ಮೀಟರ್. ಜಪಾನಿನ ಝೀರೋ ಯುದ್ಧವಿಮಾನದ ರೆಕ್ಕೆ 12 ಮೀಟರ್. ಅಂದರೆ ಇಡೀ ವಿಮಾನ ಒಂದೆರಡು ಚುಕ್ಕೆಯೊಳಗೆ ಅಡಗಿಬಿಡುತ್ತದೆ. ಸೆಂಟಿನೆಲ್ ಚಿತ್ರಗಳನ್ನು ನಾನು ಬಳಸುವುದು ಯಾವ ದಿನ ಮೋಡವಿಲ್ಲ, ಯಾವ ದಿನ ನೀರು ತಿಳಿಯಾಗಿದೆ ಎಂದು ತಿಳಿಯಲು ಮಾತ್ರ. ಹುಡುಕಾಟಕ್ಕೆ ಬೇಕಾದದ್ದು ಅರ್ಧ ಮೀಟರ್ ಅಥವಾ ಅದಕ್ಕೂ ಸೂಕ್ಷ್ಮ ಚಿತ್ರ: ವರ್ಲ್ಡ್‌ವ್ಯೂ ಅಥವಾ ಪ್ಲೆಯಾಡ್ಸ್ ಉಪಗ್ರಹಗಳದ್ದು. ಅರ್ಧ ಮೀಟರ್ ಪಿಕ್ಸೆಲ್‌ನಲ್ಲಿ ಝೀರೋದ ರೆಕ್ಕೆ ಇಪ್ಪತ್ನಾಲ್ಕು ಚುಕ್ಕೆಗಳ ಸಾಲು. ಎಮಿಲಿ ಎಂಬ ನಾಲ್ಕು ಎಂಜಿನ್‌ನ ಜಪಾನಿ ನೀರ್ವಿಮಾನದ 38 ಮೀಟರ್ ರೆಕ್ಕೆ ಎಪ್ಪತ್ತಾರು ಚುಕ್ಕೆ.

ಅಪರಿಚಿತ ಗುರುತುಗಳಿಗೆ ಕೈಹಾಕುವ ಮೊದಲು, ಡೈವರ್‌ಗಳು ಈಗಾಗಲೇ ಕಂಡು ದಾಖಲಿಸಿರುವ ಅವಶೇಷಗಳನ್ನು ಮೇಲಿನಿಂದ ನೋಡಿ ಕಣ್ಣು ಪಳಗಿಸಿಕೊಂಡೆ. ಪೆಸಿಫಿಕ್‌ನದೇ ಸೈಪಾನ್ ದ್ವೀಪದ ಟನಪಾಗ್ ಲಗೂನ್‌ನಲ್ಲಿ ಒಂದು ಎಮಿಲಿ ಹತ್ತು ಮೀಟರ್‌ಗಿಂತ ಕಡಿಮೆ ಆಳದಲ್ಲಿ ಬಿದ್ದಿದೆ. ಸ್ಥಳೀಯರು ಅದನ್ನು ಬಹುಕಾಲ ಅಮೆರಿಕದ ಬಿ-29 ಬಾಂಬರ್ ಎಂದೇ ಕರೆಯುತ್ತಿದ್ದರು. ಒಳ್ಳೆಯ ದಿನದ ಚಿತ್ರದಲ್ಲೂ ಅದು ವಿಮಾನದಂತೆ ಇಲ್ಲವೇ ಇಲ್ಲ, ಮಳೆಗಾಳಿಗೆ ಕಿತ್ತುಹೋಗಿ ಗದ್ದೆಯಲ್ಲಿ ಬಿದ್ದ ತಗಡಿನ ಚಾವಣಿಯ ಹಾಗಿದೆ. ಒಂದು ಉದ್ದನೆಯ ತುಂಡು, ಸುತ್ತ ಚೆಲ್ಲಾಪಿಲ್ಲಿ ಚೂರು. ಚೂಕ್‌ನ ಎಟೆನ್ ದ್ವೀಪದ ಬಳಿಯ ಜಪಾನಿ ಬೆಟ್ಟಿ ಬಾಂಬರ್ ಇನ್ನೂ ಆಳದಲ್ಲಿದೆ, ಬಹುತೇಕ ಚಿತ್ರಗಳಲ್ಲಿ ಸಿಗುವುದೇ ಇಲ್ಲ. ಅದರ ಎಂಜಿನ್‌ಗಳು ಒಡಲಿನಿಂದ ಬೇರ್ಪಟ್ಟು ದೂರದಲ್ಲಿ ಬಿದ್ದಿವೆ. ನೀರಿಗೆ ಅಪ್ಪಳಿಸಿದ ವಿಮಾನ ಹೀಗೆ ಚದುರಿರುವುದೇ ಸಹಜ. ನಾನು ಹುಡುಕಬೇಕಾದದ್ದು ವಿಮಾನದ ಆಕಾರವನ್ನಲ್ಲ, ಹವಳ ತಾನಾಗಿ ಎಳೆಯದ ಒಂದು ನೇರ ಗೆರೆಯನ್ನು ಎಂದು ಅರ್ಥವಾದದ್ದು ಇವೆರಡನ್ನು ನೋಡಿದ ಮೇಲೆ.

ನೀರಿನ ಲೆಕ್ಕ ಬೇರೆಯೇ ಇದೆ. ಕೆಂಪು ಬೆಳಕನ್ನು ನೀರು ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುತ್ತದೆ, ನೀಲಿ ಬಹಳ ಆಳಕ್ಕೆ ಇಳಿಯುತ್ತದೆ. ವರ್ಲ್ಡ್‌ವ್ಯೂ-2ರಲ್ಲಿ 400ರಿಂದ 450 ನ್ಯಾನೋಮೀಟರ್‌ನ 'ಕೋಸ್ಟಲ್' ಬ್ಯಾಂಡ್ (ಬೇರೆಯಾಗಿ ಹಿಡಿಯುವ ಒಂದು ಬಣ್ಣದ ಪಟ್ಟಿ) ಇಟ್ಟಿರುವುದು ಇದಕ್ಕೇ. ದೊಡ್ಡ ಶತ್ರು ಬಿಸಿಲಿನ ಹೊಳಪು: ಅಲೆಗಳ ನೆತ್ತಿಯ ಮೇಲೆ ಸೂರ್ಯ ಹೊಳೆದು ತಳವನ್ನೇ ಮುಚ್ಚಿಬಿಡುತ್ತಾನೆ. ಇನ್‌ಫ್ರಾರೆಡ್ ಬೆಳಕು ನೀರಿನೊಳಗಿನಿಂದ ಹೆಚ್ಚುಕಮ್ಮಿ ಮರಳಿ ಬರುವುದಿಲ್ಲ. ಹಾಗಾಗಿ ಆ ಬ್ಯಾಂಡ್‌ನಲ್ಲಿ ಕಂಡದ್ದೆಲ್ಲ ಮೇಲ್ಮೈಯ ಹೊಳಪು ಎಂದು ಹಿಡಿದು, ಉಳಿದ ಬಣ್ಣಗಳಿಂದ ಅದಕ್ಕೆ ತಕ್ಕಷ್ಟು ಕಳೆಯಬಹುದು. ಹೆಡ್ಲಿ ವಿಧಾನ ಎನ್ನುವುದು ಇದನ್ನೇ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ರಾಸ್ಟರ್ ಕ್ಯಾಲ್ಕ್ಯುಲೇಟರ್ ಇಷ್ಟಕ್ಕೆ ಸಾಕು. ಆಳ ಹೆಚ್ಚಿದಂತೆ ತಳ ಕಪ್ಪಾಗುವುದನ್ನು ಸರಿದೂಗಿಸಲು ಲೈಜೆಂಗಾ ವಿಧಾನವಿದೆ. ಮೊದಮೊದಲು ಅದನ್ನೂ ಹಚ್ಚುತ್ತಿದ್ದೆ. ಈಗ ಕಡಿಮೆ. ಬಣ್ಣದ ಬ್ಯಾಂಡ್‌ಗಳ ಪಿಕ್ಸೆಲ್ ಕಪ್ಪುಬಿಳುಪು ಚಿತ್ರದ್ದಕ್ಕಿಂತ ದೊಡ್ಡದಿರುವುದರಿಂದ ಇಷ್ಟು ಚಿಕ್ಕ ವಸ್ತುವಿನ ಅಂಚು ಕರಗಿಹೋಗುತ್ತದೆ. ಗಾಳಿಯಿಲ್ಲದ ದಿನದ ಒಂದು ಚಿತ್ರ ಹತ್ತು ಸೂತ್ರಕ್ಕೆ ಸಮ.

ಹವಳದ ದಿಬ್ಬಗಳ ಸುತ್ತ ಬಿಳಿ ಮರಳಿನ ಉಂಗುರವೊಂದು ಕಾಣುತ್ತದೆ. ದೊಡ್ಡ ಮೀನುಗಳ ಭಯಕ್ಕೆ ಸಣ್ಣ ಮೀನುಗಳು ದಿಬ್ಬದ ಆಸರೆ ಬಿಟ್ಟು ದೂರ ಹೋಗದೆ ಹತ್ತಿರದ ಪಾಚಿಯನ್ನಷ್ಟೇ ಮೇಯುವುದರಿಂದ ಆದ ಉಂಗುರ ಅದು. ದಿಬ್ಬ ದುಂಡಗಿದ್ದರೆ ಉಂಗುರವೂ ದುಂಡಗೆ. ಮರಳಿನ ಮೇಲೆ ಬಿದ್ದ ಲೋಹಕ್ಕೂ ಮೀನು ಸೇರುತ್ತವೆ. ಉಂಗುರ ಉದ್ದುದ್ದಕ್ಕೆ ಎಳೆದಂತಿದ್ದು, ಒಳಗಿನ ಕಲೆ ಸಪೂರವಾಗಿದ್ದರೆ ನಾನು ಜೂಮ್ ಮಾಡುತ್ತೇನೆ. ಹವಳದ ಮೇಲೇ ಬಿದ್ದದ್ದಾದರೆ ಮಾತ್ರ ಆಸೆ ಬಿಡಬೇಕು, ಬಣ್ಣಕ್ಕೆ ಬಣ್ಣ ಸೇರಿಹೋಗಿರುತ್ತದೆ.

ಚೂಕ್‌ನಲ್ಲಿ ನಾನು ಇಂದಿಗೂ ಪಟ್ಟಿಯಲ್ಲಿ ಉಳಿಸಿಕೊಂಡಿರುವ ಒಂದು ಗುರುತು ಹೇಗಿದೆ ಎಂದರೆ: ಮರಳಿನ ಇಳಿಜಾರಿನಲ್ಲಿ ತೆಳು ಬೂದುಬಣ್ಣದ ಪಟ್ಟಿ, ಅದರ ಮಧ್ಯಕ್ಕೆ ಹೆಚ್ಚುಕಡಿಮೆ ಲಂಬವಾಗಿ ಇನ್ನೊಂದು ಮೋಟು ಪಟ್ಟಿ, ಒಂದು ತುದಿಯಲ್ಲಿ ಕಪ್ಪು ಚುಕ್ಕೆ. ಗೂಗಲ್ ಅರ್ಥ್‌ನ ಕಾಲದ ಸ್ಲೈಡರ್ ಹಿಂದೆ ಮುಂದೆ ಎಳೆದು ನೋಡಿದೆ, ಹಳೆಯ ಉಪಗ್ರಹ ಚಿತ್ರಗಳ ಸಂಗ್ರಹವಾದ ಎಸ್ರಿ ವೇಬ್ಯಾಕ್‌ನ ಪದರಗಳನ್ನೂ ತೆಗೆದೆ. ಬಿಸಿಲಿನ ಕೋನ ಬದಲಾದರೂ ಗೆರೆ ಅಲ್ಲೇ ಇತ್ತು. ಹಾಗಾಗಿ ಅದು ದೋಣಿಯಲ್ಲ, ಮೋಡದ ನೆರಳೂ ಅಲ್ಲ. ಉದ್ದ ಅಳೆದರೆ ಹನ್ನೆರಡೂವರೆ ಮೀಟರ್, ಆಚೀಚೆ ಒಂದು ಮೀಟರ್ ತಪ್ಪಿರಬಹುದು. ಅಮೆರಿಕದ ಅವೆಂಜರ್ ವಿಮಾನದ ರೆಕ್ಕೆ 16.5 ಮೀಟರ್, ಜಪಾನಿನ ಜೇಕ್ ನೀರ್ವಿಮಾನದ್ದು 14.5, ಇಬ್ಬರೂ ಹೊರಗೆ. ಝೀರೋ 12, ಅಮೆರಿಕದ ಡಾಂಟ್‌ಲೆಸ್ 12.7, ಹೆಲ್‌ಕ್ಯಾಟ್ 13.1, ಮೂವರೂ ಒಳಗೆ. ಎರಡು ಶತ್ರು ದೇಶಗಳ ವಿಮಾನಗಳು ಎರಡು ಪಿಕ್ಸೆಲ್‌ಗಳ ತಪ್ಪಿನೊಳಗೆ ಕೂತಿವೆ. ಇದಕ್ಕಿಂತ ಮುಂದೆ ಚಿತ್ರ ಏನನ್ನೂ ಹೇಳಲಾರದು. ತಿರುಗಿಬಿದ್ದ ಸಣ್ಣ ಬಾರ್ಜ್ (ಸರಕು ದೋಣಿ) ಕೂಡ ಇರಬಹುದು.

ಕಂಡಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ, ಮರಳು ಓಡಾಡುತ್ತದೆ. ವೇಲ್ಸ್‌ನ ಹಾರ್ಲೆಕ್ ಕಡಲತೀರದಲ್ಲಿ 1942ರಲ್ಲಿ ಇಳಿದ ಅಮೆರಿಕದ ಪಿ-38 ವಿಮಾನ ಮರಳಿನೊಳಗೆ ಹೂತು, 2007ರಲ್ಲಿ ಮರಳು ಸರಿದಾಗ ಎದ್ದು ಕಂಡಿತು. ಮತ್ತೆ ಮುಚ್ಚಿಕೊಂಡಿತು.

ಮುಂದಿನದು ಕಾಗದದ ಕೆಲಸ, ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಸಮಯ ಹೋಗುವುದು ಅಲ್ಲೇ. ಅಮೆರಿಕದ ಸೇನಾ ವಾಯುಪಡೆ ಕಾಣೆಯಾದ ಸಿಬ್ಬಂದಿಯ ಬಗ್ಗೆ ಬರೆದಿಟ್ಟ ವರದಿಗಳು, ನೌಕಾಪಡೆಯ ವಿಮಾನ ಕಾರ್ಯಾಚರಣೆಯ ವರದಿಗಳು, 1944ರ ವೈಮಾನಿಕ ಛಾಯಾಚಿತ್ರಗಳು. 'ದ್ವೀಪದ ಉತ್ತರಕ್ಕೆ ಹೊಗೆಯೊಂದಿಗೆ ಬಿದ್ದಿತು' ಎಂಬಂಥ ಒಂದು ಸಾಲು ಸಿಕ್ಕರೆ ಹುಡುಕುವ ಚೌಕ ಕಿರಿದಾಗುತ್ತದೆ. ಹಾಗೆಂದು ಸಿಕ್ಕ ವಿಮಾನವೆಲ್ಲ ಹೊಡೆದುರುಳಿಸಿದ್ದೇ ಆಗಬೇಕಿಲ್ಲ. ಪೆಸಿಫಿಕ್‌ನ ಕ್ವಾಜಲಿನ್ ಹವಳದ್ವೀಪದ ರಾಯ್-ನಮೂರ್ ಬಳಿ, ಇನ್ನು ಬೇಡವಾದ ನೂರಕ್ಕೂ ಹೆಚ್ಚು ವಿಮಾನಗಳನ್ನು ಅಮೆರಿಕನ್ನರೇ ನೀರಿಗೆ ತಳ್ಳಿದ್ದಾರೆ.

ನೀರಿನಡಿ ಸೋನಾರ್ ಬಿಟ್ಟರೂ ಕಣ್ಣು ಮೋಸ ಹೋಗುತ್ತದೆ. 1937ರಲ್ಲಿ ಪೆಸಿಫಿಕ್ ಮೇಲೆ ಕಾಣೆಯಾದ ಅಮೆರಿಕದ ವೈಮಾನಿಕೆ ಅಮೀಲಿಯಾ ಇಯರ್‌ಹಾರ್ಟ್‌ಳ ವಿಮಾನವಿರಬಹುದೆಂದು 2024ರ ಜನವರಿಯಲ್ಲಿ ಜಗತ್ತೆಲ್ಲ ಸುತ್ತಿದ ಸೋನಾರ್ ಚಿತ್ರ, ಅದೇ ವರ್ಷದ ಕೊನೆಗೆ ಬರೀ ಬಂಡೆ ಎಂದಾಯಿತು. ಅದರಲ್ಲೂ ರೆಕ್ಕೆ ಬಾಲ ಎಲ್ಲ ಚೆನ್ನಾಗಿಯೇ ಇದ್ದವು!

ಗುರುತಿನ ಅಕ್ಷಾಂಶ ರೇಖಾಂಶವನ್ನು ನಾನು ಎಲ್ಲೂ ಬಹಿರಂಗ ಮಾಡುವುದಿಲ್ಲ, ಗೆಳೆಯರು ಕೇಳಿದರೂ ಇಲ್ಲ. ಅಮೆರಿಕದ ಸೇನಾ ವಿಮಾನ ಎಲ್ಲಿ ಮುಳುಗಿದ್ದರೂ ಅದು ಆ ಸರ್ಕಾರದ್ದೇ ಎನ್ನುತ್ತದೆ ಅವರ 2004ರ ಕಾನೂನು. ಕಾನೂನಿರಲಿ, ಕಾಕ್‌ಪಿಟ್‌ನ ಡಯಲ್ ಕಿತ್ತು ಮಾರುವವರಿದ್ದಾರೆ, ಒಳಗೆ ಯಾರದೋ ಮೂಳೆ ಇರಬಹುದು. ಎರಡನೇ ಮಹಾಯುದ್ಧದಲ್ಲಿ ಕಾಣೆಯಾದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಜಪಾನಿನವರು ಅದಕ್ಕಿಂತ ಎಷ್ಟೋ ಹೆಚ್ಚು. ಅಮೆರಿಕದವರ ವಿಷಯಕ್ಕೆಂದೇ ಅಲ್ಲಿನ ರಕ್ಷಣಾ ಇಲಾಖೆಯಡಿ ಡಿಪಿಎಎ ಎಂಬ ಸಂಸ್ಥೆಯಿದೆ, ಪ್ರಾಜೆಕ್ಟ್ ರಿಕವರ್‌ನಂಥ ತಂಡಗಳು ಸೋನಾರ್ ಮತ್ತು ಡೈವರ್‌ಗಳೊಂದಿಗೆ ನೀರಿಗಿಳಿಯುತ್ತವೆ. ಅಂಥವರಿಗೆ ಕಳಿಸುವ ಕಡತದಲ್ಲಿ ನಾನು ಇಡುವುದು ಬೇರೆ ಬೇರೆ ದಿನಾಂಕಗಳ ಚಿತ್ರಗಳು, ಪ್ರತಿಯೊಂದಕ್ಕೂ ಉಪಗ್ರಹದ ಹೆಸರು, ಅಳತೆ ಮತ್ತು ಅದರ ತಪ್ಪಿನ ಮಿತಿ, ಅಂದಾಜು ಆಳ, ಹೊಂದಬಹುದಾದ ದಾಖಲೆ. ಜೊತೆಗೆ ಅದು ವಿಮಾನವಲ್ಲ ಎನ್ನಲು ನನಗೆ ತೋಚಿದ ಎಲ್ಲ ಕಾರಣಗಳು. ಮೇಲೆ ಹೇಳಿದ ಬೂದು ಗೆರೆಯ ಕಡತದಲ್ಲಿ ಸದ್ಯಕ್ಕೆ ಆ ಕೊನೆಯ ಪುಟವೇ ಎಲ್ಲಕ್ಕಿಂತ ಉದ್ದವಾಗಿದೆ, ಅದಕ್ಕೇ ಇನ್ನೂ ಕಳಿಸಿಲ್ಲ.