ಕನ್ನಡ ಸಬ್ಜೆಕ್ಟ್ ನೋಡಿ ಮೇಲ್ ವಿಂಗಡಿಸುವ ಸರ್ವರ್: ನನ್ನ ಅನುಭವ

ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಬರುವ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಸಬ್ಜೆಕ್ಟ್ ಕನ್ನಡದಲ್ಲೇ ಇರುತ್ತದೆ. ‘ಕರಡು’, ‘ಕರಪತ್ರ’, ‘ಪ್ರೂಫ್ ಬೇಕು’ ಹೀಗೆ. ಇದನ್ನು ಸರ್ವರೇ ಓದಿ ಫೋಲ್ಡರ್‌ಗೆ ಹಾಕಬೇಕು, ಅಟ್ಯಾಚ್‌ಮೆಂಟನ್ನು ಡಿಟಿಪಿಗೆ ತಲುಪಿಸಬೇಕು ಅನ್ನುವುದು ನನ್ನ ಹಟ. ‘ಕನ್ನಡದಲ್ಲಿ ಫಿಲ್ಟರ್ ಎಲ್ಲಾ ಆಗಲ್ಲ, ಸುಮ್ನೆ ಬಾಡಿಗೆ ಮೇಲ್ ತಗೊಳ್ಳಿ’ ಅಂದವರೇ ಜಾಸ್ತಿ. ಇಪ್ಪತ್ತು ಅಕೌಂಟಿಗೆ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ ಕೇಳುತ್ತಿದ್ದರು. ಈಗ ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಮೇಲೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಅದನ್ನು ಮೇಲ್‌ಬಾಕ್ಸಿನಲ್ಲಿಟ್ಟು ಓದಲು ಕೊಡುವ ಡವ್‌ಕಾಟ್ ಓಡುತ್ತಿವೆ. ಖರ್ಚು ಬ್ಯಾಕಪ್ ಸೇರಿ ಒಂಬೈನೂರು ಚಿಲ್ಲರೆ.

ಮೊದಲು ಹಾಕಿದ್ದು ಪ್ರೊಕ್‌ಮೇಲ್ ಎಂಬ, ಮೇಲ್ ವಿಂಗಡಿಸುವ ಹಳೆಯ ಪ್ರೋಗ್ರಾಂ. ಅದನ್ನು ನೋಡಿಕೊಳ್ಳುತ್ತಿದ್ದವರೇ 2014ರಲ್ಲಿ ‘ಬಿಟ್ಟುಬಿಡಿ’ ಎಂದಿದ್ದರು, ಆದರೂ ಕೈಗೆ ಒಗ್ಗಿತ್ತಲ್ವಾ. ಅದು ಹೆಡರನ್ನು (ಸಬ್ಜೆಕ್ಟ್ ಇತ್ಯಾದಿ ಇರುವ ತಲೆಭಾಗ) ಬಂದ ಹಾಗೇ ನೋಡುತ್ತದೆ, ಡಿಕೋಡ್ ಮಾಡಲ್ಲ. ಕನ್ನಡ ಸಬ್ಜೆಕ್ಟ್ ಬರುವುದು ಹೆಚ್ಚಾಗಿ ಬೇಸ್64ರಲ್ಲಿ, ಅಂದರೆ ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಸಂಕೇತದಲ್ಲಿ. ಸರಿ, ಬೇಸ್64 ಅನ್ನೇ ಹಿಡಿಯೋಣ ಎಂದು ಹೊರಟೆ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ’ಕ್ಕೆ 3 ಬೈಟ್, ಬೇಸ್64ರಲ್ಲಿ ಅದು 4 ಅಕ್ಷರ: ನಾಲ್ಕು, ಎಲ್, ಕೆ, ವಿ. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಯಾರೋ ‘ಅರ್ಜೆಂಟ್ ಕರಡು’ ಎಂದು ಕಳಿಸಿದರು. ನಡುವಿನ ಸ್ಪೇಸ್ ಒಂದೇ ಬೈಟ್. ಅಲ್ಲಿಂದ ಮುಂದಿನ ಮೂರು ಮೂರು ಬೈಟಿನ ಲೆಕ್ಕವೆಲ್ಲ ಜರುಗಿ ‘ಕ’ದ ಗುರುತೇ ಸಿಗಲಿಲ್ಲ.

ಕೊನೆಗೆ ಡವ್‌ಕಾಟ್ ಜೊತೆ ಓಡುವ ಸೀವ್ ಎಂಬ ಫಿಲ್ಟರ್ ಭಾಷೆಗೆ ಬಂದೆ. ಅದು ಡಿಕೋಡ್ ಮಾಡಿಯೇ ಹೋಲಿಸುತ್ತದೆ. ಸ್ಕ್ರಿಪ್ಟಿನಲ್ಲಿ ನೇರವಾಗಿ ‘ಕರಡು’ ಎಂದು ಬರೆದೆ, ಕೆಲಸ ಆಯಿತು. ಆಗಲ್ಲ ಅಂದವರನ್ನು ಕರೆದು ತೋರಿಸಿದೆ!

ಅಲ್ಲಿಗೆ ಬರುವ ಮೊದಲು ಪೋಸ್ಟ್‌ಫಿಕ್ಸ್‌ನಿಂದ ಡವ್‌ಕಾಟ್‌ಗೆ ಮೇಲ್ ದಾಟಿಸುವ ಎಲ್‌ಎಂಟಿಪಿ ಕಾಟ ಕೊಟ್ಟಿತು. ಪೋಸ್ಟ್‌ಫಿಕ್ಸ್ ಡೊಮೇನ್ ಸಮೇತ ವಿಳಾಸ ಕೊಡುತ್ತದೆ, ಡವ್‌ಕಾಟ್ ಬರೀ ಯೂಸರ್ ಹೆಸರು ಹುಡುಕುತ್ತದೆ. 550, ಅಂದರೆ ಅಂಥ ಯೂಸರ್ ಇಲ್ಲ ಎಂದು ವಾಪಸ್. ಡವ್‌ಕಾಟ್‌ನ ಯೂಸರ್‌ನೇಮ್ ಫಾರ್ಮ್ಯಾಟ್ ಸೆಟ್ಟಿಂಗಿನಲ್ಲಿ ಡೊಮೇನ್ ಕತ್ತರಿಸಿದರೆ ಸರಿಹೋಗುತ್ತದೆ. ನನ್ನದು ಡವ್‌ಕಾಟ್ 2.3. 2.4ರಲ್ಲಿ ಕಾನ್ಫಿಗ್ ಬರೆಯುವ ರೀತಿಯೇ ಬದಲಾಗಿದೆ, ಕಣ್ಣುಮುಚ್ಚಿ ನಕಲು ಮಾಡಬೇಡಿ. ಇಂಥ ಪ್ರಯೋಗದ ಹೊತ್ತಿನಲ್ಲಿ ಪೋಸ್ಟ್‌ಫಿಕ್ಸ್‌ನ ಸಾಫ್ಟ್ ಬೌನ್ಸ್ ಆನ್ ಮಾಡಿಡಿ. ಗಿರಾಕಿಗೆ ಮೇಲ್ ವಾಪಸ್ ಹೋಗದೆ ಕ್ಯೂನಲ್ಲೇ ಕೂತಿರುತ್ತದೆ.

ಅಟ್ಯಾಚ್‌ಮೆಂಟ್ ತೆಗೆಯಲು ಮೇಲನ್ನು ಸೀವ್‌ನಿಂದ ಇನ್ನೊಂದು ಸ್ಕ್ರಿಪ್ಟಿಗೆ ಪೈಪ್ ಮಾಡಿದೆ, ಅಂದರೆ ನೇರ ದಾಟಿಸಿದೆ. ಸಣ್ಣ ಫೈಲ್ ಸಲೀಸು. ದೊಡ್ಡ ಪಿಡಿಎಫ್ ಬಂದಾಗಲೆಲ್ಲ ಸ್ಕ್ರಿಪ್ಟ್ ಅರ್ಧದಲ್ಲೇ ಸಾಯುತ್ತಿತ್ತು. ಡಿಫಾಲ್ಟ್ ಟೈಮ್‌ಔಟ್ 10 ಸೆಕೆಂಡ್. ಅದನ್ನು 60ಕ್ಕೆ ಏರಿಸಿ ನೋಡಿದೆ, ಡೆಲಿವರಿಯೇ ನಿಧಾನವಾಯಿತು. ಕೊನೆಗೆ ಸ್ಕ್ರಿಪ್ಟಿಗೆ ಒಂದೇ ಕೆಲಸ ಕೊಟ್ಟೆ: ಮೇಲನ್ನು ಒಂದು ಡೈರೆಕ್ಟರಿಗೆ ಹಾಕಿ ಹೊರಡು. ಬಿಚ್ಚುವುದು, ಹೆಸರಿಡುವುದು ನಿಮಿಷಕ್ಕೊಮ್ಮೆ ಏಳುವ ಕ್ರಾನ್ ಪಾಲಿಗೆ. ಪೈಪ್ ಜೊತೆ ‘ಕಾಪಿ’ ಇರಲೇಬೇಕು, ಇಲ್ಲದಿದ್ದರೆ ಇನ್‌ಬಾಕ್ಸಿಗೆ ಮೇಲ್ ಬರುವುದೇ ಇಲ್ಲ. ಎಲ್ಲರಿಗೂ ಅನ್ವಯಿಸುವ ಸೀವ್ ಸ್ಕ್ರಿಪ್ಟನ್ನು ರೂಟ್ (ಸರ್ವರಿನ ಮುಖ್ಯ ಯೂಸರ್) ಆಗಿ ನೀವೇ ‘ಸೀವ್‌ಸಿ’ ಕಮಾಂಡ್ ಹಾಕಿ ಕಂಪೈಲ್ ಮಾಡಿಡಿ.

ನಡುವೆ ಒಂದು ತಮಾಷೆ. ‘ಪ್ರೂಫ್ ಬೇಕು’ ಅನ್ನುವ ರೂಲ್ ಕೆಲವರ ಮೇಲ್‌ಗೆ ಮಾತ್ರ ತಾಗುತ್ತಿರಲಿಲ್ಲ. ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೆಗೆದು ನೋಡಿದರೆ ‘ಫ್’ ಆದಮೇಲೆ ಕಾಣದ ಒಂದು ಚಿಹ್ನೆ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಜಡ್‌ಡಬ್ಲ್ಯುಎನ್‌ಜೆ. ಕೆಲವು ಕೀಬೋರ್ಡ್ ಅದನ್ನು ತಾನೇ ಸೇರಿಸುತ್ತದೆ. ಕಣ್ಣಿಗೆ ಎರಡೂ ಒಂದೇ, ಸೀವ್‌ಗೆ ಬೇರೆ ಬೇರೆ. ‘ಪ್ರೂಫ್’, ‘ಬೇಕು’ ಎರಡನ್ನೂ ಬಿಡಿಬಿಡಿಯಾಗಿ ಹುಡುಕಿ ‘ಆಲ್‌ಆಫ್’ (ಎಲ್ಲವೂ ಇರಬೇಕು) ಹಾಕಿದೆ, ಮುಗಿಯಿತು.

ಬಾಕಿ ಉಳಿಸಿಕೊಂಡ ಪಾರ್ಟಿಗಳ ಮೇಲನ್ನು ಹಿಡಿಯಲು ಬೇರೆಯೇ ಒಂದು ರೂಲ್ ಇದೆ. ಅದು ಯಾವ ಗುರುತಿನ ಮೇಲೆ ನಡೆಯುತ್ತದೆ ಅಂತ ಇಲ್ಲಿ ಹೇಳಲ್ಲ, ಅವರಲ್ಲಿ ಕೆಲವರು ಇದನ್ನೂ ಓದುತ್ತಾರೆ.