ಬೂದಿ ಬಣ್ಣದ ಬ್ಯಾಂಟಮ್ ಮರಿ ಬೇಕಾ? ಬೂದಿಗೆ ಬೂದಿ ಜೋಡಿ ಹಾಕಬೇಡಿ

ಹಿತ್ತಲಲ್ಲಿ ನಾಟಿ ಕೋಳಿ ಜೊತೆ ನಾಲ್ಕು ಬ್ಯಾಂಟಮ್, ಅಂದರೆ ಪುಟ್ಟ ಮೈಯ ಜಾತಿ ಕೋಳಿ, ಬಿಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಬೂದಿ ಬಣ್ಣದ ಮರಿ ಬೇಕು ಅನ್ನಿಸುತ್ತದೆ. ಫ್ಯಾನ್ಸಿ ಕೋಳಿ ಸಾಕುವವರು ಬ್ಲೂ ಅನ್ನುವುದು ಇದನ್ನೇ. ಮಂಡ್ಯದಿಂದ ಮೈಸೂರಿನ ತನಕ ಹುಡುಕಿ ಬೂದಿ ಹುಂಜ, ಬೂದಿ ಹ್ಯಾಟೆ ತಂದು ಕೂಡಿಸುತ್ತಾರೆ. ಮರಿ ಬಂದಾಗ ನೋಡಿದರೆ ಸುಮಾರು ಅರ್ಧ ಮಾತ್ರ ಬೂದಿ, ಕೆಲವು ಕಪ್ಪು, ಇನ್ನು ಕೆಲವು ಮಾಸಲು ಬಿಳಿ. ಮಾರಿದವನು ಟೋಪಿ ಹಾಕಿದ ಅಂತ ಬೈಯುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ.

ಕಪ್ಪು ಬಣ್ಣವನ್ನು ತೆಳು ಮಾಡುವ ಒಂದು ಜೀನ್ ಇದೆ. ಅದು ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮರಿ ಬೂದಿ. ಇಬ್ಬರಿಂದಲೂ ಬಂದರೆ ಬಿಳಿ ಮೈ ಮೇಲೆ ಕಪ್ಪು, ಬೂದಿ ಕಲೆ ಎರಚಿದ ಹಾಗಿರುವ ಸ್ಪ್ಲ್ಯಾಶ್. ಯಾರಿಂದಲೂ ಬರದಿದ್ದರೆ ಕಪ್ಪು. ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಬೇಟ್ಸನ್ ಮತ್ತು ಅವರ ಜೊತೆಗಾರರು ಆಂಡಲೂಸಿಯನ್ ಕೋಳಿಗಳಲ್ಲಿ 1900ರ ದಶಕದಲ್ಲೇ ಈ ಲೆಕ್ಕ ಬಿಡಿಸಿಟ್ಟಿದ್ದಾರೆ.

ಹಾಗಾಗಿ ಕಪ್ಪು ಹುಂಜಕ್ಕೆ ಸ್ಪ್ಲ್ಯಾಶ್ ಹ್ಯಾಟೆ ಜೋಡಿ ಹಾಕಿ. ತಿರುಗಾಮುರುಗಾ ಮಾಡಿದರೂ ನಡೆಯುತ್ತದೆ. ಬರುವ ಮರಿಗಳೆಲ್ಲ ಬೂದಿಯೇ. ಯಾರೂ ಕೇಳದ ಆ ಕಲೆಕಲೆ ಹ್ಯಾಟೆಯನ್ನು ಕಡಿಮೆ ರೇಟಿಗೆ ಕೊಟ್ಟುಬಿಡುತ್ತಾರಲ್ಲ, ನಿಜವಾದ ಬಂಡವಾಳ ಅದೇ. ಆದರೆ ಅಪ್ಪಟ ಬಿಳಿ ಕೋಳಿಯನ್ನು ಸ್ಪ್ಲ್ಯಾಶ್ ಅಂದುಕೊಂಡು ತರಬೇಡಿ, ಬಿಳಿಯ ಕೆಳಗೆ ಯಾವ ಬಣ್ಣ ಬೇಕಾದರೂ ಅಡಗಿರಬಹುದು. ಹಾಗೆಯೇ ಕಪ್ಪು ಹುಂಜದ ಕತ್ತಿನ ಗರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಹಸಿರು ಹೊಳಪಿದ್ದರೆ ಸರಿ. ಕೆಂಪು ಎಳೆ ಕಂಡರೆ ಬಿಡಿ, ಅದು ಮರಿಗಳಲ್ಲೂ ಇಣುಕುತ್ತದೆ.

ಜೋಡಿ ಹಾಕುವ ಮುಂಚೆ ಒಂದು ಕೆಲಸ ಇದೆ, ಬಹಳ ಜನ ಇದನ್ನೇ ಬಿಡುತ್ತಾರೆ. ಹುಂಜ ದೂರವಾದ ಮೇಲೂ ಹ್ಯಾಟೆಯ ಹೊಟ್ಟೆಯಲ್ಲಿ ಅದರ ಬೀಜ ಎರಡು ಮೂರು ವಾರ ಉಳಿಯುತ್ತದೆ. ಅಷ್ಟು ದಿನ ಹ್ಯಾಟೆಗಳನ್ನು ಬೇರೆ ಕೂಡಿಹಾಕಿ, ಆಮೇಲೆ ಬೇಕಾದ ಹುಂಜ ಬಿಡಿ. ಇಲ್ಲದಿದ್ದರೆ ಪಕ್ಕದ ಮನೆಯ ನಾಟಿ ಹುಂಜದ ಮರಿ ಬಂದು, ಬಣ್ಣ ಯಾಕೆ ಕೆಟ್ಟಿತು ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಒಂದು ಹುಂಜಕ್ಕೆ ನಾಲ್ಕೈದು ಹ್ಯಾಟೆ ಸಾಕು.

ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಎತ್ತಿ, ಬೇಸಿಗೆಯಲ್ಲಂತೂ ನಮ್ಮ ಕಡೆಯ ಶೆಕೆಗೆ ಗೂಡಿನಲ್ಲೇ ಬಿಟ್ಟರೆ ಕೆಡುತ್ತದೆ. ಪೆನ್ಸಿಲಿನಲ್ಲಿ ತಾರೀಖು ಬರೆದು, ಚೂಪು ತುದಿ ಕೆಳಗೆ ಮಾಡಿ ರಾಗಿ ತುಂಬಿದ ಬುಟ್ಟಿಯಲ್ಲಿ ನಿಲ್ಲಿಸಿ. ಫ್ರಿಜ್ ಬೇಡ. ವಾರದೊಳಗಿನ ಮೊಟ್ಟೆಗಳನ್ನೇ ಕಾವಿಗೆ ಇಡಿ. ಬ್ಯಾಂಟಮ್ ಹ್ಯಾಟೆ ಚೆನ್ನಾಗಿ ಕಾವು ಕೂರುತ್ತದೆ, ಆದರೆ ಮೈ ಚಿಕ್ಕದು, ಏಳೆಂಟು ಮೊಟ್ಟೆಗಿಂತ ಜಾಸ್ತಿ ಬೇಡ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಹಿಡಿದರೆ ಒಳಗೆ ಜೇಡರ ಬಲೆಯಂತೆ ನರ ಹರಡಿರುವುದು ಕಾಣುತ್ತದೆ. ಏನೂ ಕಾಣದ ಮೊಟ್ಟೆ ತೆಗೆದುಬಿಡಿ. ಸುಮಾರು 21 ದಿನಕ್ಕೆ ಮರಿ. ಕಬ್ಬಿನ ಗದ್ದೆ ಪಕ್ಕದ ಮನೆಯಾದರೆ ಮುಂಗುಸಿ ಬರದ ಹಾಗೆ ಸಣ್ಣ ಕಣ್ಣಿನ ಮೆಶ್ ಹಾಕಲೇಬೇಕು.

ಮೈ ಒಣಗಿದ ತಕ್ಷಣವೇ ಮರಿಯ ಬಣ್ಣ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಕಪ್ಪು ಮರಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ ಹಳದಿ. ಬೂದಿ ಮರಿಗೆ ಬೆನ್ನೇ ಬೂದಿ. ಸ್ಪ್ಲ್ಯಾಶ್ ಮರಿ ತೀರಾ ತೆಳು. ಆಗಲೇ ಕಾಲಿಗೆ ಬಣ್ಣದ ರಿಂಗ್ ಹಾಕಿ, ಬೆಳೆದ ಹಾಗೆ ಬದಲಿಸುತ್ತಾ ಹೋಗಿ, ಬಿಗಿಯಾದರೆ ಕಾಲು ಕೆಡುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದನ್ನು ಮಾತ್ರ ಪೂರ್ತಿ ಗರಿ ಬಂದ ಮೇಲೆ, ಅಂದರೆ ಐದಾರು ತಿಂಗಳಿಗೆ ತೀರ್ಮಾನಿಸಿ. ಎದೆಯ ಒಂದು ಗರಿ ಬಿಡಿಸಿ ನೋಡಿ, ಒಳಗೆ ಬೂದಿ, ಅಂಚಿಗೆ ಕಡು ಗೆರೆ ಇದ್ದರೆ ಅದು ಒಳ್ಳೆಯ ಬ್ಲೂ.

ಅಂಚೇ ಇಲ್ಲದೆ ಮೈಯೆಲ್ಲ ಒಂದೇ ತೆಳು ಬೂದಿ ಇದ್ದರೆ ಅದು ಲ್ಯಾವೆಂಡರ್ ಇರಬಹುದು. ಅದರ ಲೆಕ್ಕವೇ ಬೇರೆ. ಲ್ಯಾವೆಂಡರಿಗೆ ಲ್ಯಾವೆಂಡರ್ ಹಾಕಿದರೆ ಎಲ್ಲ ಲ್ಯಾವೆಂಡರ್, ಅಪ್ಪಟ ಕಪ್ಪಿಗೆ ಹಾಕಿದರೆ ಎಲ್ಲ ಕಪ್ಪು. ಅನುಮಾನ ಇದ್ದರೆ ಕಪ್ಪಿನ ಜೊತೆ ಒಂದು ಸಲ ಮರಿ ಮಾಡಿಸಿ. ಸುಮಾರು ಅರ್ಧ ಮರಿ ಬೂದಿ ಬಂದರೆ ನಿಮ್ಮದು ಬ್ಲೂ.

ಜಪಾನೀಸ್ ಬ್ಯಾಂಟಮ್ ಸಾಕುವವರಿಗೆ ಒಂದು ಮಾತು. ಗಿಡ್ಡ ಕಾಲಿಗೆ ಗಿಡ್ಡ ಕಾಲು ಹಾಕಿದರೆ ಸುಮಾರು ಕಾಲು ಭಾಗ ಮರಿ ಮೊಟ್ಟೆಯೊಳಗೇ ಸಾಯುತ್ತವೆ. ಅದಕ್ಕೆ ಸುಮ್ನೆ ಇನ್‌ಕ್ಯುಬೇಟರನ್ನೋ ಕರೆಂಟನ್ನೋ ಬೈಯಬೇಡಿ. ಒಂದು ಕಡೆ ಉದ್ದ ಕಾಲಿನದು ಇರಲಿ.

ಸ್ಪ್ಲ್ಯಾಶ್ ಎಲ್ಲೂ ಸಿಗಲಿಲ್ಲ ಅಂದರೆ ಮಾತ್ರ ಬೂದಿಗೆ ಬೂದಿ ಹಾಕಿ. ಕಾಲು ಭಾಗದಷ್ಟು ಸ್ಪ್ಲ್ಯಾಶ್ ಸಿಗುತ್ತವೆ, ಎಂಟು ಮೊಟ್ಟೆಯಲ್ಲಿ ಒಂದೂ ಬರದೆ ಇರಬಹುದು, ಇನ್ನೊಂದು ಕಾವು ನೋಡಿ. ಆ ಹ್ಯಾಟೆಗಳಿಗೆ ಅಣ್ಣ ತಮ್ಮಂದಿರ ಹುಂಜ ಬೇಡ, ಬೇರೆ ಊರಿನ ಕಪ್ಪು ಹುಂಜ ತಂದು, ಮೂರು ವಾರ ದೂರ ಇಟ್ಟು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಗೂಡಿಗೆ ಬಿಡಿ.