ಇಂಗ್ಲಿಷ್ ಪದಗಳಿಗೆ ಹೌಸಿ ಆಡಿಸಿ, ಆದರೆ ಪದ ಕೂಗಬೇಡಿ

ಇಂಗ್ಲಿಷ್ ಕಲಿಸುವ ಮಾಸ್ತರರು, ಅಕ್ಕೋರು ಇದನ್ನು ಒಮ್ಮೆ ಮಾಡಿ ನೋಡಿ. ಬೋರ್ಡ್ ಮೇಲೆ 15 ಪದ ಬರೆಯಿರಿ. ಮಕ್ಕಳು ನೋಟ್‌ಬುಕ್ಕಿನಲ್ಲಿ ಸಾಲಿಗೆ ಮೂರರಂತೆ 9 ಮನೆ ಗೀಚಿ, ತಮಗೆ ಬೇಕಾದ ಪದ ತುಂಬಲಿ. ಬೋರ್ಡ್ ಒರೆಸಿ ಹೌಸಿ, ಅಂದರೆ ತಂಬೋಲ, ಶುರು ಮಾಡಿ. ಕೂಗಿದ್ದು ತಮ್ಮ ಮನೆಯಲ್ಲಿದ್ದರೆ ಮಕ್ಕಳು ಗೀಟು ಹೊಡೆಯಬೇಕು, ಮೊದಲು ಒಂದು ಸಾಲು ಮುಗಿಸಿದವರು ಗೆದ್ದಂತೆ. ಆದರೆ ಪದ ಕೂಗಬೇಡಿ, ಸುಳಿವು ಕೊಡಿ. ‘ಗೋಳಗುಮ್ಮಟದಲ್ಲಿ ಕೂಗಿದರೆ ತಿರುಗಿ ಕೇಳುವುದು’ ಅಂದರೆ ಎಕೋ. ‘ಇಂಡಿ ಕಡೆ ಜಾಸ್ತಿ ಬೆಳೆಯುವ ಹುಳಿ ಹಣ್ಣು’ ಅಂದರೆ ಲೆಮನ್. ನಮ್ಮ ವಿಜಯಪುರದ ಮಕ್ಕಳಿಗೆ ಇಂಥ ಸುಳಿವು ತಟ್ಟನೆ ಹೊಳೆಯುತ್ತದೆ. ಪದವನ್ನೇ ಕೂಗಿದರೆ ಮಕ್ಕಳು ಸುಮ್ನೆ ಅಕ್ಷರ ಹೊಂದಿಸುತ್ತಾರೆ ಅಷ್ಟೇ. ಸುಳಿವು ಕೇಳಿದಾಗ ಪ್ರತಿ ಸಲವೂ ಒಂಬತ್ತೂ ಪದಗಳ ಅರ್ಥ ನೆನೆಯಬೇಕಾಗುತ್ತದೆ. ಹೀಗೆ ತಲೆಯಿಂದ ಹೊರತೆಗೆದ ಪದ ಹತ್ತು ಸಲ ಬರೆದ ಪದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಸಾಲು ಗೆದ್ದವರು ಆ ಮೂರು ಪದ ಓದಿ, ಒಂದೊಂದು ವಾಕ್ಯ ಹೇಳಲೇಬೇಕು. ಇದನ್ನು ಬಿಡಬೇಡಿ, ಸುಮ್ಮನೆ ಗೀಟು ಹೊಡೆದವರು ಇಲ್ಲೇ ಗೊತ್ತಾಗುತ್ತಾರೆ. ಆಟ ರೂಢಿಯಾದ ಮೇಲೆ ಸುಳಿವನ್ನು ಸರಳ ಇಂಗ್ಲಿಷಿನಲ್ಲೇ ಕೊಡಿ. ಇನ್ನೂ ಚೆನ್ನಾಗಿ ಆಗಬೇಕೆಂದರೆ ಮಕ್ಕಳಿಂದಲೇ ಕೊಡಿಸಿ. ಹೊಚ್ಚ ಹೊಸ ಪದಗಳಿಗೆ ಮಾತ್ರ ಈ ಆಟ ಕೆಲಸಕ್ಕೆ ಬರುವುದಿಲ್ಲ. ಒಮ್ಮೆ ಪಾಠದಲ್ಲಿ ಬಂದಿರಬೇಕು, ಇಲ್ಲದಿದ್ದರೆ ಮಕ್ಕಳು ಪಕ್ಕದವರ ಪುಸ್ತಕ ನೋಡುತ್ತಾರೆ. ಸ್ಪೆಲ್ಲಿಂಗ್ ಕೂಡ ಇದರಿಂದ ಬರುವುದಿಲ್ಲ, ಅದನ್ನು ಬೇರೆಯೇ ಕಲಿಸಬೇಕು. ಓದಲು ಇನ್ನೂ ತಡವರಿಸುವ ಮಕ್ಕಳಿದ್ದರೆ ಪದದ ಬದಲು ಚಿತ್ರ ಬರೆಯಲು ಹೇಳಿ.